ಅತ್ತಿಗೆಗೆ ಲೈಸೆನ್ಸ್ ಸಿಕ್ಕ ಬಗೆ

ಒಡಹುಟ್ಟಿದ ಅಣ್ಣನೇ ಆದರೂ ಅವನ ಮುಖ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಊರಿಗೆಲ್ಲ ಅವನು ಏ.ಸಿ. ಮೆಕ್ಯಾನಿಕ್. ಅಂಗಡಿಯ ಬೋರ್ಡಿನ ಮೇಲೆ ಅವನ ಫೋಟೋ ಬೇರೆ. ಆದರೆ ಏಣಿ ಹತ್ತಿ, ಕಾದ ತಾರಸಿಯ ಮೇಲೆ ಮಂಡಿಯೂರಿ, ತಾಮ್ರದ ಪೈಪಿಗೆ ಬೆಸುಗೆ ಹಾಕುತ್ತಿದ್ದವಳು ನನ್ನ ಅತ್ತಿಗೆ. ಅಣ್ಣ ಕೆಳಗೆ ಗಿರಾಕಿಯ ಸೋಫಾದಲ್ಲಿ ಕುಳಿತು ಭಾಷಣ ಬಿಗಿಯುತ್ತಿದ್ದ. ದುಡಿಯಲು ಒಬ್ಬರು, ಮೆರೆಯಲು ಇನ್ನೊಬ್ಬರು.

ಮದುವೆಯಾದ ಹೊಸದರಲ್ಲಿ ಅವನೂ ಕೈ ಕೊಳೆ ಮಾಡಿಕೊಳ್ಳುತ್ತಿದ್ದ, ಸುಳ್ಳು ಹೇಳಬಾರದು. ಅತ್ತಿಗೆ ಕಲಿತದ್ದು ಅವನ ಪಕ್ಕದಲ್ಲಿ ನಿಂತೇ. ಅವಳ ಕೈ ಕುದುರಿತು, ಇವನ ಮೈ ಸೋಮಾರಿಯಾಯಿತು. ಬೆಸುಗೆ ಮುಗಿದ ಮೇಲೆ ಪೈಪಿಗೆ ನೈಟ್ರೋಜನ್ ತುಂಬಿ, ಒತ್ತಡ ಇಳಿಯುತ್ತದೆಯೇ ಎಂದು ಗೇಜ್ ನೋಡಬೇಕು. ಅಷ್ಟು ಹೊತ್ತಿಗೆ ಸರಿಯಾಗಿ ಅಣ್ಣ ಗಿರಾಕಿಯನ್ನು ಕರೆದುಕೊಂಡು ಮೇಲೆ ಬರುತ್ತಿದ್ದ. ಅತ್ತಿಗೆ ಗೇಜನ್ನು ಅವನ ಕಡೆ ತಿರುಗಿಸಿ ಪಕ್ಕಕ್ಕೆ ಸರಿಯಬೇಕು. ಅವನು ಹುಬ್ಬು ಗಂಟಿಕ್ಕಿ ನೋಡಿ, "ಲೀಕ್ ಇಲ್ಲ ಸಾರ್" ಎನ್ನಬೇಕು. ಒಮ್ಮೆ ಅವಳೇ ಬಾಯಿಬಿಟ್ಟು ಹೇಳಿದ್ದಕ್ಕೆ ಮನೆಗೆ ಬಂದು ಕೂಗಾಡಿದ್ದ. "ಗಿರಾಕಿ ಮುಂದೆ ಬಾಯಿ ಒಂದೇ ಇರ್ಬೇಕು. ಅದು ನಂದು."

ಆಮೇಲೆ ಅವನ ಕೈ ನಡುಗತೊಡಗಿತು. ನರದ ಕಾಯಿಲೆ ಎಂದರು ಡಾಕ್ಟರು. ಅದೇ ಹೊತ್ತಿಗೆ ಲೈಸೆನ್ಸಿನ ಅವಧಿಯೂ ಮುಗಿಯಿತು; ಮತ್ತೆ ಬೇಕೆಂದರೆ ಬೆಸುಗೆ ಹಾಕಿ ತೋರಿಸಬೇಕು. ಲೈಸೆನ್ಸ್ ಇಲ್ಲದವರಿಗೆ ಏ.ಸಿ. ಗ್ಯಾಸ್ ಮಾರುವುದಿಲ್ಲ, ಗ್ಯಾಸ್ ಇಲ್ಲದೆ ಅಂಗಡಿ ನಡೆಯುವುದಿಲ್ಲ. ಅತ್ತಿಗೆ ಲೈಸೆನ್ಸ್ ತರದಿದ್ದರೆ ನಾವೆಲ್ಲ ಬಾಗಿಲು ಎಳೆದುಕೊಂಡು ಕೂರುವುದೇ ಸೈ. ಆದರೂ ಇವನ ಜಂಬ ನೋಡಿ.

"ಪರೀಕ್ಷೆ ಅಂದ್ರೆ ಪಾತ್ರೆ ತೊಳೆದಷ್ಟು ಸುಲಭ ಅಲ್ಲ ಕಣೇ" ಎಂದ ಹೆಂಡತಿಗೆ.

ಅತ್ತಿಗೆ ಪರೀಕ್ಷೆಯ ಅರ್ಜಿ ತುಂಬುತ್ತಲೇ ಇದ್ದಳು. ನಾನು ಸುಮ್ಮನಿರುವವಳಲ್ಲ. "ಪಾತ್ರೆನಾದ್ರೂ ನೀನು ಯಾವತ್ತು ತೊಳ್ದಿದ್ದೀಯ ಅಣ್ಣಾ?" ಎಂದೆ.

ಬರೆಯುವ ಪರೀಕ್ಷೆ ಪಾಸಾಯಿತು. ಕೆಲಸ ಮಾಡಿ ತೋರಿಸುವ ದಿನ ನಾನೂ ಜೊತೆಗೆ ಹೋಗಿ ವರ್ಕ್‌ಶಾಪಿನ ಬಾಗಿಲ ಬಳಿ ಬೆಂಚಿನ ಮೇಲೆ ಕುಳಿತೆ. ಅವಳ ಬೆಸುಗೆ ನೋಡಿ ಪರೀಕ್ಷಕ ತಲೆದೂಗಿದ. ನೈಟ್ರೋಜನ್ ತುಂಬಿದಳು. ಆಮೇಲೆ ಮಾಡಿದ್ದೇನು? ಗೇಜನ್ನು ಅವನ ಕಡೆ ತಿರುಗಿಸಿ, ಪಕ್ಕಕ್ಕೆ ಸರಿದು ನಿಂತಳು.

"ಎಷ್ಟಿದೆಯಮ್ಮ?" ಎಂದ ಪರೀಕ್ಷಕ.

ಅವಳು ಅವನ ಬಾಯನ್ನೇ ನೋಡಿದಳು. ಅವನು ಇನ್ನೊಮ್ಮೆ ಕೇಳಿದ. ಅವಳಿಗೆ ಗೊತ್ತಿತ್ತು, ದೇವರಾಣೆಗೂ ಗೊತ್ತಿತ್ತು. ಮಾತು ಮಾತ್ರ ಹೊರಡಲಿಲ್ಲ.

"ಹೆಲ್ಪರ್ ಕೆಲಸ ಮಾಡ್ತಿದ್ರಿ ಅಲ್ವಾ? ಗೇಜ್ ಓದೋದು ಕಲ್ತು ಮತ್ತೆ ಬನ್ನಿ" ಎಂದು ಫೇಲ್ ಮಾಡಿದ.

ದಾರಿಯಲ್ಲಿ ಅವಳು ಆಡಿದ್ದು ಇಷ್ಟೇ. "ನಾಲಿಗೆ ತುದೀಲೇ ಇತ್ತು ಕಣೆ. ನಿಮ್ಮಣ್ಣನ ಹಾಗೆ ಆ ಸಾರೇ ಹೇಳ್ಲಿ ಅಂತ ಕಾಯ್ತಾ ನಿಂತ್ಬಿಟ್ಟೆ." ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮನೆಯಲ್ಲಿ ಅಣ್ಣ ಕಾಲ ಮೇಲೆ ಕಾಲು ಹಾಕಿಕೊಂಡು, "ನಾನು ಹೇಳ್ಲಿಲ್ವಾ?" ಎಂದು ನಕ್ಕ. ಗಾಯದ ಮೇಲೆ ಬರೆ. ಕೈಯಲ್ಲಿದ್ದ ಚೀಲವನ್ನು ಅವನ ಕಾಲಬುಡಕ್ಕೆ ಎಸೆದು ಬಾಯಿಗೆ ಬಂದಂತೆ ಬೈದೆ.

"ಅತ್ತಿಗೆ ಬಾಯಿಗೆ ಬೀಗ ಹಾಕಿದವನು ನೀನು. ಈಗ ಮಾತು ಬರಲ್ಲ ಅಂತ ನಗ್ತೀಯಾ?"

ಅತ್ತಿಗೆ ನಮ್ಮಿಬ್ಬರನ್ನೂ ಜಗಳಕ್ಕೆ ಬಿಟ್ಟು ಕೆಳಗೆ ಅಂಗಡಿಗೆ ಇಳಿದಳು. ಅಂದಿನಿಂದ ಗೇಜ್ ನೋಡಿದಾಗಲೆಲ್ಲ ಅಂಕಿಯನ್ನು ಬೀದಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳತೊಡಗಿದಳು. "ತಲೆ ಕೆಟ್ಟಿದೆ ಇವಳಿಗೆ" ಎಂದು ಅಣ್ಣ ಗೊಣಗಿದ. ಗೊಣಗಿಕೊಳ್ಳಲಿ. ಎರಡನೇ ಸಲದ ಪರೀಕ್ಷೆಯಲ್ಲಿ ಪರೀಕ್ಷಕ ಕೇಳುವ ಮೊದಲೇ ಅವಳು ಒತ್ತಡ ಎಷ್ಟಿದೆ ಎಂದು ಹೇಳಿ ಮುಗಿಸಿದಳು.

ಲೈಸೆನ್ಸ್ ಬಂದ ದಿನ ಅಣ್ಣ, ನಾಚಿಕೆಗೆಟ್ಟವನು, ಪಕ್ಕದಂಗಡಿಯ ಟೈಲರನ್ನು ಕರೆದು, "ಎಲ್ಲ ನಾನೇ ಕಲಿಸಿದ್ದು" ಎಂದ.

"ಹೌದು ರೀ" ಎಂದಳು ಅತ್ತಿಗೆ. "ಬೆಸುಗೆನೂ ಕಲಿಸಿದ್ರಿ, ಬಾಯಿ ಮುಚ್ಕೊಂಡಿರೋದನ್ನೂ ಕಲಿಸಿದ್ರಿ. ಎರಡನೇದನ್ನ ಮರೆಯೋಕೆ ಎಷ್ಟು ಕಷ್ಟ ಆಯ್ತು ಗೊತ್ತಾ?"

ಟೈಲರ್ ಮೆಲ್ಲಗೆ ಜಾಗ ಖಾಲಿ ಮಾಡಿದ. ಅಷ್ಟರಲ್ಲಿ ಅಂಗಡಿಯ ಫೋನ್ ಬಡಿದುಕೊಂಡಿತು. ಅಣ್ಣ ಕೈ ಚಾಚಿದ. ಅತ್ತಿಗೆ ಅವನಿಗಿಂತ ಮೊದಲೇ ಎತ್ತಿಕೊಂಡಳು.

"ಹೇಳಿ, ಮೆಕ್ಯಾನಿಕ್ಕೇ ಮಾತಾಡ್ತಿರೋದು" ಎಂದಳು.