ದೊರೆಸಾನಿಯನ್ನು ಹಿಡಿದ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಶೋಧನಾಲಯದ ಹಿಂಬದಿಯ ಪ್ರಾಣಿಗೃಹದಲ್ಲಿ ಟ್ಯೂಬ್‌ಲೈಟು ಮಿಣುಕಿ ಮಿಣುಕಿ ಹೊತ್ತಿಕೊಳ್ಳುತ್ತದೆ. ಹೊರಗಿನ ಚಪ್ಪಲಿ ಬಿಟ್ಟು, ಒಳಗಿನ ರಬ್ಬರ್ ಚಪ್ಪಲಿ ಮೆಟ್ಟಿ, ನೀಲಿ ಗೌನು ತೊಟ್ಟ ಹೆಂಗಸೊಬ್ಬರು ಪಂಜರಗಳ ಸಾಲಿನ ನಡುವೆ ಬರುತ್ತಾರೆ. ಬಂದವರು ಮೊದಲು ಮಾಡುವುದು ಎರಡೂ ಕೈ ಗಸಗಸ ಉಜ್ಜಿಕೊಳ್ಳುವ ಕೆಲಸ. ತಣ್ಣನೆಯ ಕೈ ಮೊಲಗಳಿಗೆ ಆಗಿಬರುವುದಿಲ್ಲ. "ತಡಿಯೇ, ಕೈ ಬಿಸಿ ಆಗ್ಲಿ. ಏನು ಅವಸರ ನಿಂಗೆ?" ಎಂದು ಕೊನೆಯ ಪಂಜರದ ಕಡೆ ಗದರುತ್ತಾರೆ. ಅಲ್ಲೊಂದು ಬಿಳಿ ಮೊಲ ಆಗಲೇ ಕಂಬಿಗೆ ಮೂಗು ಒತ್ತಿ ಕಾಯುತ್ತಿದೆ. ಅವರು ಒಂದು ಕ್ಷಣ ಮುಖ ಆಚೆ ತಿರುಗಿಸಿಕೊಳ್ಳುತ್ತಾರೆ. ಇವತ್ತು ಆ ಮೊಲದ ಕೊನೆಯ ದಿನ.

ಇಲ್ಲಿ ಎಲ್ಲರೂ ಅವರನ್ನು ಮೊಲದಕ್ಕ ಎನ್ನುತ್ತಾರೆ. ಆ ಬಿಳಿ ಮೊಲಕ್ಕೆ ಕಚೇರಿಯ ಲೆಕ್ಕದಲ್ಲಿ ಇರುವುದು ಒಂದು ಸಂಖ್ಯೆ ಮಾತ್ರ. ಮೊಲದಕ್ಕನ ಬಾಯಲ್ಲಿ ಅದು ದೊರೆಸಾನಿ. ಸೊಪ್ಪು ತುಸು ಬಾಡಿದ್ದರೂ ಸಾಕು, ಬೆನ್ನು ತಿರುಗಿಸಿ ಕೂತುಬಿಡುವ ಅದರ ಜಂಭಕ್ಕೆ ಸಿಕ್ಕ ಬಿರುದು ಅದು.

ಜಂಭ ಪಡುವಂಥದ್ದೂ ಅದರಲ್ಲಿದೆ ಅನ್ನಿ. ನಮ್ಮ ನರಕೋಶಗಳ ಮೈಯಲ್ಲಿ ಲವಣದ ಕಣಗಳನ್ನು ಒಳಕ್ಕೆ ಬಿಟ್ಟುಕೊಳ್ಳುವ ಪುಟ್ಟ ಬಾಗಿಲುಗಳಿವೆ. ಪುಸ್ತಕದಲ್ಲಿ ಅವಕ್ಕೆ ಅಯಾನು ವಾಹಿನಿ ಎಂಬ ಹೆಸರು. ಪ್ರೋಟೀನಿನ ಈ ಬಾಗಿಲು ಕೆಟ್ಟರೆ ಹಸುಗೂಸುಗಳಿಗೂ ಫಿಟ್ಸ್ ಬರುತ್ತದೆ. ಬಾಗಿಲು ಎಲ್ಲಿದೆ, ಎಲ್ಲಿ ಇಲ್ಲವೇ ಇಲ್ಲ ಎಂದು ಪತ್ತೆ ಹಚ್ಚಲು ಅದನ್ನೇ ಹುಡುಕಿಕೊಂಡು ಹೋಗಿ ಅಂಟುವ ಪ್ರತಿಕಾಯ ಬೇಕು. ಆ ಪ್ರೋಟೀನಿನ ಚೂರೊಂದನ್ನು ಮೊಲಕ್ಕೆ ಚುಚ್ಚಿದರೆ, ಅದರ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತದೆ. ಆದರೆ ದೊರೆಸಾನಿಯ ಜೊತೆ ಬಂದ ಮೊಲಗಳ ರಕ್ತ ಸಿಕ್ಕಸಿಕ್ಕಿದ್ದಕ್ಕೆಲ್ಲ ಅಂಟಿಕೊಂಡು ಎಲ್ಲರ ತಲೆ ಕೆಡಿಸಿತು. ಇದರದ್ದು ಮಾತ್ರ ಆ ಬಾಗಿಲಿಗೇ ಅಂಟಿತು, ಬೇರೆಲ್ಲೂ ಅಲ್ಲ. ಪ್ರಯೋಗಾಲಯದ ಮುಖ್ಯಸ್ಥೆ ಒಮ್ಮೆ ಮೊಲದಕ್ಕನನ್ನು ಕರೆದು, ಸೂಕ್ಷ್ಮದರ್ಶಕದೊಳಗೆ ಆ ಪ್ರತಿಕಾಯ ಅಂಟಿದ ಕಡೆ ಹಸಿರಾಗಿ ಹೊಳೆಯುವ ಗೆರೆ ತೋರಿಸಿದ್ದರು. "ನಂಗೆ ತಲೆಬುಡ ತಿಳೀಲಿಲ್ಲ. ಮೇಡಂ ಅಷ್ಟು ಖುಷಿಯಾಗಿದ್ರಲ್ಲ, ನಾನೂ ಚೆನ್ನಾಗಿದೆ ಅಂದೆ," ಎಂದು ಮೊಲದಕ್ಕ ನಗುತ್ತಾರೆ.

ರಕ್ತ ತೆಗೆಯುವುದು ಮೊಲದ ಕಿವಿಯಿಂದ. ಬೆದರಿದ ಮೊಲದ ಕಿವಿ ತಣ್ಣಗಾಗಿ, ರಕ್ತನಾಳ ಅಡಗಿಬಿಡುತ್ತದೆ. ಆಮೇಲೆ ಎಷ್ಟು ಚುಚ್ಚಿದರೂ ಹನಿ ಬರುವುದಿಲ್ಲ. ಹಾಗಾಗಿ ಮೊಲವನ್ನು ನಿತ್ಯ ಎತ್ತಿ, ತಲೆ ಸವರಿ, ತನ್ನ ಕೈಗೆ ಒಗ್ಗಿಸಿಕೊಳ್ಳುವುದೇ ಮೊಲದಕ್ಕನ ಕಸುಬು. "ನನ್ನ ತಲೆ ಒಂದಿನಾನೂ ಹೀಗೆ ಸವರಿಲ್ಲ," ಎಂದು ಬಸ್ ಓಡಿಸುವ ಗಂಡ ಮನೆಯಲ್ಲಿ ಛೇಡಿಸುತ್ತಾರೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೀಗಿರಲಿಲ್ಲ. ತಾವು ಸಾಕಿದ ಮೊದಲ ಮೊಲದ ರಕ್ತವನ್ನೆಲ್ಲ ತೆಗೆದು ಅದನ್ನು ಮುಗಿಸಿದ ದಿನ ಅವರು ಊಟದ ಡಬ್ಬಿ ತೆರೆಯದೆಯೇ ಮನೆಗೆ ವಾಪಸು ಒಯ್ದರು. ಇನ್ನು ಮುಂದೆ ಯಾವುದನ್ನೂ ಹಚ್ಚಿಕೊಳ್ಳುವುದಿಲ್ಲ ಎಂದು ಹಟ ತೊಟ್ಟರು. ಮುಂದಿನ ಮೊಲಕ್ಕೆ ಮೇವು, ನೀರು ಇಟ್ಟು ಸುಮ್ಮನಾದರು, ಮುಟ್ಟಲಿಲ್ಲ. ರಕ್ತ ತೆಗೆಯುವ ದಿನ ಕೈಗೆತ್ತಿಕೊಂಡರೆ ಅದು ದಿಗಿಲುಬಿದ್ದು ಹಿಂಗಾಲು ಝಾಡಿಸಿತು. ಮೊಲದ ಕಾಲಿಗಿರುವ ಕಸುವು ಅದರ ಬೆನ್ನುಮೂಳೆಗಿಲ್ಲ. "ಟಕ್ ಅಂತ ಸದ್ದಾಯ್ತು. ನನ್ನ ಸಂಕಟ ತಪ್ಪಿಸ್ಕೊಳ್ಳೋಕೆ ಹೋಗಿ ಅದರ ಬೆನ್ನು ಮುರಿದೆ," ಎನ್ನುವಾಗ ಅವರ ದನಿ ಸಣ್ಣದಾಗುತ್ತದೆ.

ಅಂದಿನಿಂದ ಎಲ್ಲವನ್ನೂ ಹಚ್ಚಿಕೊಳ್ಳುತ್ತಾರೆ. ದೊರೆಸಾನಿಯನ್ನಂತೂ ತುಸು ಹೆಚ್ಚೇ ಹಚ್ಚಿಕೊಂಡರು. ಅದರ ಗತ್ತಿನ ಕತೆ ಕೇಳದೆ ಮಗಳು ರಾತ್ರಿ ಊಟಕ್ಕೇ ಏಳುವುದಿಲ್ಲ. ದೊರೆಸಾನಿಗೆ ವಯಸ್ಸಾದ ಮೇಲೆ ಅದನ್ನು ಮನೆಗೆ ತರುತ್ತೇನೆ ಎಂದು ಒಮ್ಮೆ ಅವಳಿಗೆ ಬಾಯಿ ತಪ್ಪಿ ಹೇಳಿಬಿಟ್ಟರು. ಮಗಳು ರಟ್ಟಿನ ಪೆಟ್ಟಿಗೆಯೊಳಗೆ ತನ್ನ ಹಳೇ ಸ್ವೆಟರ್ ಹಾಸಿಟ್ಟಿದ್ದಾಳೆ.

ಮೊನ್ನೆ ಪ್ರಾಣಿವೈದ್ಯರು ದೊರೆಸಾನಿಯ ಹೊಟ್ಟೆಯಲ್ಲಿ ಗಡ್ಡೆ ಕಂಡರು. ತಾನಾಗಿ ಸತ್ತರೆ ರಕ್ತವೆಲ್ಲ ಹಾಳು. ಅದರಂಥ ರಕ್ತ ಮತ್ತೊಂದು ಮೊಲದಲ್ಲಿ ಸಿಕ್ಕೀತೆಂದು ಯಾರೂ ಹೇಳಲಾರರು. ಉಳಿದಿರುವುದು ಒಂದೇ ದಾರಿ: ಮಂಪರಿನ ಮದ್ದು ಕೊಟ್ಟು ಪೂರ್ತಿ ರಕ್ತ ತೆಗೆಯುವುದು. ಮನೆಗೆ ಒಯ್ಯಲೇ ಎಂದು ಮೊಲದಕ್ಕ ಕೇಳಿನೋಡಿದರು. ಪ್ರಯೋಗಕ್ಕೆಂದು ಚುಚ್ಚುಮದ್ದು ಹಾಕಿದ ಪ್ರಾಣಿ ಹೊರಗೆ ಹೋಗುವಂತಿಲ್ಲ, ಅದು ನಿಯಮ. ಮುಖ್ಯಸ್ಥೆಗೂ ಕಣ್ಣು ಒದ್ದೆಯಾಗಿತ್ತು. "ನೀವು ಆ ದಿನ ರಜೆ ಹಾಕಿ, ಬೇರೆಯವರು ಹಿಡೀತಾರೆ," ಎಂದರು. ಮೊಲದಕ್ಕ ಒಪ್ಪಲಿಲ್ಲ. "ಬೇರೆ ಕೈ ಅಂದ್ರೆ ಅದಕ್ಕೆ ಜೀವ ಬಾಯಿಗೆ ಬರುತ್ತೆ ಮೇಡಂ. ನಾನೇ ಹಿಡೀತೀನಿ."

ವೈದ್ಯರು ಸೂಜಿ ತರುತ್ತಾರೆ. ಮೊಲದಕ್ಕ ಪಂಜರದ ಬಾಗಿಲು ತೆಗೆದರೆ ದೊರೆಸಾನಿ ತಾನಾಗಿಯೇ ಅವರ ಮಡಿಲಿಗೆ ಇಳಿಯುತ್ತದೆ. ಕರೆಯಬೇಕಾಗಿಯೂ ಇಲ್ಲ. ಅದನ್ನು ನೋಡುವುದೇ ಕಷ್ಟ. ತೊಡೆಗೆ ಸೂಜಿ ಹೊಕ್ಕಾಗ ಅದು ಒಮ್ಮೆ ಅದುರಿ, ಅವರ ಮೊಣಕೈ ಸಂದಿಯಲ್ಲಿ ಮುಖ ಹುದುಗಿಸಿಕೊಳ್ಳುತ್ತದೆ. "ಏನಿಲ್ಲ, ಏನಿಲ್ಲ, ಆಗೋಯ್ತು," ಎನ್ನುತ್ತ ಸವರುತ್ತಲೇ ಇರುತ್ತಾರೆ. ಮೈ ಪೂರ್ತಿ ಸಡಿಲಾದ ಮೇಲೆ ತಾವೇ ಎತ್ತಿ ಮೇಜಿನ ಮೇಲೆ ಮಲಗಿಸುತ್ತಾರೆ. ಈ ಸಲ ಕಿವಿಯಿಂದಲ್ಲ, ವೈದ್ಯರು ಎದೆಯಿಂದ ರಕ್ತ ಎಳೆದುಕೊಳ್ಳುತ್ತಾರೆ. ಟ್ಯೂಬುಗಳು ಒಂದೊಂದಾಗಿ ತುಂಬುತ್ತವೆ. ಮುಗಿಯಿತು ಎಂದು ವೈದ್ಯರು ಹೇಳುವವರೆಗೂ ಮೊಲದಕ್ಕ ಕೈ ತೆಗೆಯುವುದಿಲ್ಲ.

ಟ್ಯೂಬುಗಳು ಮೇಲಿನ ಮಹಡಿಗೆ ಹೋಗುತ್ತವೆ. ಮುಂದೆಂದೋ ವಿಜ್ಞಾನ ಪತ್ರಿಕೆಯೊಂದರಲ್ಲಿ ಹಸಿರು ಗೆರೆಯ ಚಿತ್ರ ಅಚ್ಚಾಗುತ್ತದೆ, ಕೆಳಗೆ ವಿಜ್ಞಾನಿಗಳ ಹೆಸರಿರುತ್ತದೆ. ಮೊಲದಕ್ಕ ಖಾಲಿ ಪಂಜರದ ತಟ್ಟೆ ಎಳೆದು, ಹಿಕ್ಕೆ ಕೊಡವಿ, ಬ್ರಷ್ಷು ಹಿಡಿದು ತಿಕ್ಕತೊಡಗುತ್ತಾರೆ. ಮಧ್ಯಾಹ್ನಕ್ಕೆ ಹೊಸ ಮೊಲ ಬರುವುದಿದೆ.

ಮನೆಯಲ್ಲಿ ಮಗಳಿಗೆ ಏನು ಹೇಳುತ್ತೀರಿ ಎಂದು ಕೇಳಿದರೆ ಬ್ರಷ್ಷು ನಿಲ್ಲುತ್ತದೆ.

"ಕಾಯಿಲೆ ಬಂದು ಹೋಯ್ತು ಅಂತ ಹೇಳಿಬಿಡು ಅಂತಾರೆ ನಮ್ಮೆಜಮಾನ್ರು. ಹಾಗಂದ್ರೆ ಸುಳ್ಳೂ ಅಲ್ಲ. ಆದ್ರೆ ಹೇಳಲ್ಲ. ನಾನೇ ಹಿಡ್ಕೊಂಡಿದ್ದೆ ಅಂತೀನಿ." ಗೌನಿನ ತೋಳಿನಿಂದ ಮೂಗು ಒರೆಸಿಕೊಳ್ಳುತ್ತಾರೆ. "ಅಳ್ತಾಳೆ, ಬೈತಾಳೆ. ಬೈಸ್ಕೋತೀನಿ. ನನ್ನ ಹತ್ರ ಮಾತು ಬಿಡದೇ ಇದ್ರೆ ಸಾಕು."