ಇನ್ನೂ ಬರದಿದ್ದ ಕೋರಿಕೆ

ದೆವ್ವದ ಮಾತೆತ್ತಿದರೆ ಮುಖದ ಮೇಲೇ ನಕ್ಕುಬಿಡುವ ಹೆಂಗಸು ನಾನು. ಹಾಗಾಗಿ ಇದನ್ನು ಕನಸೆಂದೋ ನಿದ್ದೆಗಣ್ಣಿನ ಭ್ರಮೆಯೆಂದೋ ತಳ್ಳಿಹಾಕಲು ನಾನೇ ಸಾಕಷ್ಟು ಒದ್ದಾಡಿದೆ. ಆಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬರೂ ಇದನ್ನು ಕಣ್ಣಾರೆ ಕಂಡಿದ್ದಾರೆ.

ನಮ್ಮ ಆಫೀಸು ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ, ಖಾರದಪುಡಿ ಮಿಲ್ಲಿನ ಮೇಲಿನ ಮಹಡಿ. ನಾನು ಮತ್ತು ಹತ್ತು ವರ್ಷದಿಂದ ಜೊತೆಗೆ ದುಡಿಯುತ್ತಿರುವ ನಾಗರಾಜು, ಇಬ್ಬರೇ. ರಕ್ತ ಬೇಕಾದವರು ಫೋನಿನಲ್ಲಿ ನಮ್ಮ ಪುಟ ತೆರೆದು ಕೋರಿಕೆ ಬರೆದರೆ, ಆ ಗುಂಪಿನ ದಾನಿಗಳಿಗೆ ತಕ್ಷಣ ಸುದ್ದಿ ಹೋಗಬೇಕು. ಆ ಪುಟವನ್ನು ನಡೆಸುವ ಸರ್ವರ್ ಪ್ರೋಗ್ರಾಂ ಬರೆದವಳು ನಾನು. ಕರೆಂಟು ಉಳಿಯಲೆಂದು ಅದನ್ನು ಬೇರೆ ಬಗೆಯ ಪ್ರೊಸೆಸರ್ ಇರುವ ಹೊಸ ಪುಟ್ಟ ಮೆಷಿನ್ನಿಗೆ ಹಾಕಿದ್ದೆವು. ಅಂದಿನಿಂದ ಅದು ಆಗಾಗ ನಡುವೆಯೇ ನಿಂತು ಬೀಳತೊಡಗಿತು. ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಅದೇ ಪ್ರೋಗ್ರಾಂ ಗುಂಡುಕಲ್ಲಿನ ಹಾಗೆ ಕೂತಿರುತ್ತಿತ್ತು!

ನಾನು ಮಾಡಿದ್ದೇನು? ಬಿದ್ದ ಕೂಡಲೇ ತಾನಾಗಿ ಎದ್ದುಕೊಳ್ಳುವ ಏರ್ಪಾಟು ಮಾಡಿ ಹಾಯಾಗಿದ್ದೆ. ಎರಡು ಸೆಕೆಂಡಿನ ಮಾತು, ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಕಸುಬಿನವರೆಲ್ಲ ಆಡುವ ಕಳ್ಳಾಟವೇ ಇದು.

ಆ ಸಂಜೆ ನಾಗರಾಜು ಕುರ್ಚಿ ಎಳೆದುಕೊಂಡು ಬಂದರು.

"ಮೇಡಂ, ಅದು ಬೀಳೋವಾಗ ಕೈಲಿದ್ದ ಕೋರಿಕೆ ಎಲ್ಲಿಗೋಯ್ತದೆ?"

"ಎಲ್ಲಿಗೂ ಹೋಗಲ್ಲ ಕಣ್ರೀ..." ಎಂದವಳು ಅಲ್ಲೇ ನಿಲ್ಲಿಸಿದೆ. ನಿಜ, ಎಲ್ಲಿಗೂ ಹೋಗುವುದಿಲ್ಲ. ಕಳಿಸಿದವರ ಫೋನಿನಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. ಅವರು ಕಾಯುತ್ತಲೇ ಇರುತ್ತಾರೆ. ಇವತ್ತು ಸರಿಮಾಡಿಯೇ ಏಳುವುದೆಂದು ಇಬ್ಬರೂ ಕೂತೆವು.

ಪ್ರೋಗ್ರಾಂ ಸಾಯುವಾಗ ತನ್ನ ಮೆಮೊರಿಯಲ್ಲಿದ್ದುದನ್ನೆಲ್ಲ, ತನ್ನನ್ನೂ ಸೇರಿಸಿ, ಒಂದು ಫೈಲಿಗೆ ಸುರಿದು ಹೋಗುತ್ತದೆ. ಅದನ್ನು ಡಂಪ್ ಎನ್ನುತ್ತೇವೆ. ರಾತ್ರಿ ಊಟದ ಹೊತ್ತಿಗೆ ಕೊನೆಯ ಡಂಪನ್ನು ತೆರೆದೆ. ಅಂಕಿಗಳ ರಾಶಿ... ನಡುವೆ ಕನ್ನಡದ ಕೆಲವು ಸಾಲು.

"ನಮ್ಮ ಅಕ್ಕ ಲಲಿತಾಗೆ ಓ ನೆಗೆಟಿವ್ ರಕ್ತ ತುರ್ತಾಗಿ ಬೇಕು. ಬೆಳಗಿನವರೆಗೂ ಕಾಯೋಕಾಗಲ್ಲ ಅಂದಿದ್ದಾರೆ ಡಾಕ್ಟರು. ಶಾಂತಾ, ಸಿದ್ಧಾರ್ಥನಗರ." ಕೆಳಗೆ ಫೋನ್ ನಂಬರು.

ಮಿಲ್ಲು ಮುಚ್ಚಿದ್ದರೂ ಕೋಣೆಯಲ್ಲಿ ಖಾರದ ಘಾಟು ತುಂಬಿರುತ್ತದೆ. ಅದು ತಟ್ಟನೆ ಇಲ್ಲವಾಯಿತು...

"ಫಿನಾಯಿಲ್ ವಾಸ್ನೆ ಬತ್ತಾ ಅದೆ ಅಲ್ವಾ ಮೇಡಂ?" ನಾಗರಾಜು ಪಿಸುಗುಟ್ಟಿದರು. "ಆಸ್ಪತ್ರೆ ಒಳಗೆ ಬರ್ತದಲ್ಲ, ಅಂಗೇ."

ನನಗೂ ಬರುತ್ತಿತ್ತು. ಆ ನಂಬರಿಗೆ ಫೋನ್ ಮಾಡಿದೆ. ಹೆಂಗಸೊಬ್ಬರು ಎತ್ತಿಕೊಂಡರು. ಹಿಂದೆ ಟೀವಿ, ತಟ್ಟೆ ಲೋಟದ ಸದ್ದು.

"ಶಾಂತಾ ಅವರಾ? ನಿಮ್ಮ ಅಕ್ಕನಿಗೆ ರಕ್ತ ಸಿಕ್ತಾ?"

"ರಕ್ತಾನಾ? ನಮ್ಮಕ್ಕ ಇಲ್ಲೇ ಊಟಕ್ಕೆ ಕೂತವ್ಳೆ! ಏನ್ ಅಪಶಕುನ ಕಣ್ರೀ ನಿಮ್ದು!"

"ಯಾರೇ ಅದು?" ಎಂದು ಹಿಂದಿನಿಂದ ಇನ್ನೊಂದು ದನಿ ನಕ್ಕಿತು. ಫೋನ್ ಕಟ್ಟಾಯಿತು.

ಅಷ್ಟರಲ್ಲಿ ನಾಗರಾಜು ಬಂದ ಕೋರಿಕೆಗಳ ದಾಖಲೆಯನ್ನೆಲ್ಲ ಜಾಲಾಡಿದ್ದರು. "ಇಂಥದ್ದು ಬಂದೇ ಇಲ್ಲ ಮೇಡಂ. ಎಂಗೆ ಒಳಗೆ ಬಂತು ಇದು?"

ಯಾರೋ ಕಿಡಿಗೇಡಿಗಳ ಕೆಲಸ ಎಂದು ಗದರಿ ಅವರ ಬಾಯಿ ಮುಚ್ಚಿಸಿದೆ. ಹೆದರಿಕೆಗೆ ಗದರಿದ್ದು ಅದು. ಮಧ್ಯರಾತ್ರಿಯ ಹೊತ್ತಿಗೆ ತಪ್ಪು ಸಿಕ್ಕಿತು. ಇಂಗ್ಲಿಷಿನಲ್ಲಿ ಬರೆದರೆ ಏನೂ ಆಗುತ್ತಿರಲಿಲ್ಲ. ಕನ್ನಡ ಅಕ್ಷರ ಬಂದಾಗ, ಆ ಹೊಸ ಪ್ರೊಸೆಸರಿನಲ್ಲಿ ಮಾತ್ರ, ಪ್ರೋಗ್ರಾಂ ಒಮ್ಮೊಮ್ಮೆ ತನ್ನದಲ್ಲದ ಮೆಮೊರಿಗೆ ಕೈಹಾಕಿ ಸಾಯುತ್ತಿತ್ತು. ಮೈಸೂರಿನಲ್ಲಿ ಕೂತು ಆ ಮೆಷಿನ್ನನ್ನು ಬರೀ ಇಂಗ್ಲಿಷಿನಲ್ಲಿ ಪರೀಕ್ಷಿಸಿದ ನನ್ನ ಬುದ್ಧಿಗೆ ಏನು ಹೇಳೋಣ! ತಿದ್ದಿದೆ. ದಾಖಲೆಗೂ ದಾನಿಗಳಿಗೂ ಹೋಗದ ಹಾಗೆ, ಶಾಂತಾ ಅವರ ಅದೇ ಸಾಲುಗಳನ್ನು ಮತ್ತೆ ಮತ್ತೆ ಕಳಿಸಿ ನೋಡಿದೆ. ಒಮ್ಮೆಯೂ ಬೀಳಲಿಲ್ಲ.

ಮೂರು ದಿನ ಕಳೆಯಿತು. ಲಕ್ಷ್ಮೀಪುರಂನ ಮನೆಯಲ್ಲಿ ಮಲಗಿದ್ದೆ. ಬೆಳಗಿನ ಪಾಳಿಗೆ ಹೋದ ನಾಗರಾಜು ಇನ್ನೂ ಕತ್ತಲಿರುವಾಗಲೇ ಫೋನ್ ಮಾಡಿದರು.

"ಬಿದ್ಬುಟ್ಟದೆ ಮೇಡಂ. ಹೊಸಾ ಡಂಪು. ಅದೇ ಕೋರಿಕೆ... ಈ ಸಲ ದಾಖಲೇಲೂ ಅದೆ. ರಾತ್ರಿ ಹತ್ತೂವರೆಗೆ ಬಂದದೆ."

ಮನೆಯಲ್ಲೇ ಲ್ಯಾಪ್‌ಟಾಪ್ ತೆರೆದು ಎರಡು ಡಂಪ್‌ಗಳನ್ನೂ ಹೋಲಿಸಿದೆ. ಒಂದೇ ಒಂದು ಅಂಕಿಯ ವ್ಯತ್ಯಾಸವಿರಲಿಲ್ಲ. ಅಂದರೆ ನಾನು ಆಮೇಲೆ ಬರೆದ ತಿದ್ದುಪಡಿ ಆ ಮೊದಲ ಡಂಪಿನಲ್ಲಿ ಆಗಲೇ ಇತ್ತು... ದಾನಿಗಳ ಪಟ್ಟಿ ತೆಗೆದೆ. ಓ ನೆಗೆಟಿವ್ ದಾನಿಯೊಬ್ಬರು ಸಿದ್ಧಾರ್ಥನಗರದಲ್ಲೇ ಇದ್ದರು. ಅವರಿಗೆ ಯಾವ ಸುದ್ದಿಯೂ ಹೋಗಿರಲಿಲ್ಲ.

ಆ ನಂಬರಿಗೆ ಮತ್ತೆ ಫೋನ್ ಮಾಡಿದೆ. ತುಂಬಾ ಹೊತ್ತು ರಿಂಗಾಯಿತು.

"ಶಾಂತಾ ಅವರೇ, ನಾನು..."

"ಗೊತ್ತಾಯ್ತು ಬುಡಿ." ಅತ್ತು ಅತ್ತು ಒಣಗಿದ ದನಿ. "ಸಾಯಂಕಾಲ ಸ್ಕೂಟರಿಂದ ಬಿದ್ಬುಟ್ಳು. ಎಲ್ಲೂ ರಕ್ತ ಸಿಗ್ಲಿಲ್ಲ. ನಾಲ್ಕು ಗಂಟೆಗೆ ಹೋಗ್ಬುಟ್ಳು."

ತೆರೆದಿದ್ದ ದಾನಿಗಳ ಪಟ್ಟಿಯನ್ನು ಮುಚ್ಚಿದೆ.

"ಅವತ್ತು ಫೋನ್ ಮಾಡಿದ್ದು ನೀವೇ ಅಲ್ವಾ? ನಿಮಗೆ ಮುಂಚೇನೇ ಗೊತ್ತಿತ್ತಲ್ಲ ಮೇಡಂ." ಬೈಯುತ್ತಿರಲಿಲ್ಲ, ಕೇಳುತ್ತಿದ್ದರು ಅಷ್ಟೆ. "ಮತ್ಯಾಕೆ ಯಾರೂ ಬರ್ಲಿಲ್ಲ?"

ಆಮೇಲೆ ಆ ಪ್ರೋಗ್ರಾಂ ಒಮ್ಮೆಯೂ ಬಿದ್ದಿಲ್ಲ. ತಿದ್ದಿದ ಮೇಲೂ ಆ ರಾತ್ರಿ ಯಾಕೆ ಬಿತ್ತು, ಆಮೇಲೆ ಬೀಳುವುದು ಯಾಕೆ ನಿಂತಿತು, ಎರಡೂ ನನಗೆ ಗೊತ್ತಿಲ್ಲ. ಮಿಲ್ಲು ಮುಚ್ಚಿದ ಮೇಲೆ ನಾನು ಆಫೀಸಿನಲ್ಲಿ ಕೂರುವುದಿಲ್ಲ. ಶಾಂತಾ ಅವರು ಆ ಬೆಳಗ್ಗೆ ನನ್ನ ಉತ್ತರಕ್ಕಾಗಿ ಕಾಯುತ್ತಲೇ ಇದ್ದರು. ಫೋನ್ ಇಟ್ಟವಳು ನಾನು.