ಮೋತಿಯನ್ನು ದೀವ ಮಾಡಿದ್ದು

ಆಗೆಲ್ಲ ಬ್ಯಾಟರಾಯನಪುರದಲ್ಲಿ ನಮ್ಮ ಬೀದಿ ಮುಗಿದ ಕಡೆ ಊರೇ ಮುಗಿಯುತ್ತಿತ್ತು. ಆಚೆಗೆ ಲಾಂಟಾನ ಪೊದೆ, ಒಂದು ರಾಗಿ ಹೊಲ, ಅದರಾಚೆ ನೀಲಗಿರಿ ತೋಪು. ತೋಪಿನಲ್ಲಿ ಜಿಂಕೆ ಇದೆ ಎಂದು ಎಲ್ಲರೂ ಹೇಳುತ್ತಿದ್ದರು, ಕಂಡವರು ಮಾತ್ರ ಯಾರೂ ಇರಲಿಲ್ಲ. ನನಗೆ ಒಂಬತ್ತು ವರ್ಷ. ಬಕ್ರೀದಿಗೆ ಮೂರೇ ದಿನ ಉಳಿದಿತ್ತು, ನಾನು ಊಟದ ತಟ್ಟೆ ಹಾಗೇ ಬಿಟ್ಟು ಏಳುತ್ತಿದ್ದೆ.

ಕಾರಣ ಮೋತಿ. ಹಬ್ಬಕ್ಕೆಂದು ಅಬ್ಬಾ ಎರಡು ತಿಂಗಳು ಮೊದಲೇ ತಂದು ಕಟ್ಟಿದ್ದ ಕಂದು ಬಣ್ಣದ ಹೋತ. ಹಲಸಿನ ಸೊಪ್ಪು ತಿನ್ನಿಸುವ ಕೆಲಸ ನನ್ನದು. ಅದರ ಕಿವಿಯ ಹಿಂದೆ ಮೂಗಿಟ್ಟರೆ ಹುಲ್ಲು, ಗಂಜಲ ಎರಡೂ ಬೆರೆತ ವಾಸನೆ. ನನಗೆ ಅದೇ ಇಷ್ಟ. ಹೆಸರಿಡಬೇಡ ಎಂದು ಅಮ್ಮಿ ಗದರಿದ್ದಳು. ಕೇಳುವ ಜಾತಿಯೇ ನಾನು? ಇಟ್ಟಾಗಿತ್ತು, ಕೊರಳಿಗೆ ಗೆಜ್ಜೆಯನ್ನೂ ಕಟ್ಟಿದ್ದೆ.

ದಾದಿಮಾ ಪ್ರತಿ ವರ್ಷ ಹಬ್ಬದ ಕಥೆ ಹೇಳುತ್ತಿದ್ದರು. ಇಬ್ರಾಹಿಮರು ಮಗನನ್ನೇ ಅರ್ಪಿಸಲು ಹೊರಟಾಗ ಕೊನೇ ಗಳಿಗೆಯಲ್ಲಿ ಬದಲಿಗೆ ಟಗರು ಬಂತು. ಆ ‘ಬದಲಿ’ಯನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮೋತಿಗೆ ಬದಲಿಯಾಗಿ ಒಂದು ಜಿಂಕೆ ಬರಬಾರದೇ?

ದಾರಿ ತೋರಿಸಿದ್ದು ಗೆಳತಿ ಮಂಜುಳಾಳ ತಾತ ಮುನಿಯಪ್ಪ. ಪ್ರಾಯದಲ್ಲಿ ಬಿಲ್ಲು ಹಿಡಿದು ಜಿಂಕೆ ಹೊಡೆದವರಂತೆ.

“ಅಟ್ಟುಸ್ಕೊಂಡ್ ಓದ್ರೆ ಸಿಕ್ಕಲ್ಲ ಕಣಮ್ಮ. ಸಾಕಿದ್ ಜಿಂಕೇನ ಬಯಲಲ್ಲಿ ಕಟ್ಟಿ, ನಾವು ಅವಿತ್ಕೊಬೇಕು. ಅದುಕ್ಕೆ ದೀವ ಅಂತಾರೆ. ಅದುನ್ನ ನೋಡಿ ಕಾಡಿಂದು ತಾನಾಗೇ ಬತ್ತದೆ.”

“ದೀವ ಓಡ್‌ಹೋಗಲ್ವಾ ತಾತ?”

“ಎಲ್ಲಿಗ್ ಓದಾತು? ಮೇವು ಕೊಟ್ಟೋರ್ ಇಂದೇನೇ ಬತ್ತದೆ.”

ಹಬ್ಬದ ಹಿಂದಿನ ದಿನ ಮಧ್ಯಾಹ್ನ ನಾನೂ ಮಂಜುಳಾಳೂ ಹೊಲದಂಚಿನಲ್ಲಿ ಮೋತಿಯನ್ನು ಕಟ್ಟಿದೆವು. ದೂರಕ್ಕೆ ಅದು ಜಿಂಕೆಯಂತೆಯೇ ಕಾಣುತ್ತದೆ ಎಂದು ನಂಬಿದ್ದೆ. ಬಿದಿರಿನ ಬಿಲ್ಲು, ಛತ್ರಿ ಕಡ್ಡಿಯ ಬಾಣ. ಪೊದೆಯಲ್ಲಿ ಕೂತು ಎಲೆ ಅಲುಗಿದರೂ ಬಿಲ್ಲು ಎತ್ತುತ್ತಿದ್ದೆ.

“ಲೇ, ಜಿಂಕೆ ಬಂದ್ರೆ ನಿಜ್ವಾಗ್ಲೂ ಹೊಡೀಬೇಕೇನೇ? ಪಾಪ ಅಲ್ವಾ?” ಎಂದಳು ಮಂಜುಳಾ.

“ಸುಮ್ನಿರೇ!” ಎಂದೆ. ಬಾಣವನ್ನು ಮಾತ್ರ ನಾನಿನ್ನೂ ಹೂಡಿರಲಿಲ್ಲ.

ಮಸೀದಿಯಿಂದ ಸಂಜೆಯ ಅಜಾನ್ ಕೇಳಿತು. ಜಿಂಕೆ ಬರಲಿಲ್ಲ. ಇನ್ನು ಹೊತ್ತಿಲ್ಲ ಎಂದು ಹೆದರಿ ಮೋತಿಯ ಕುತ್ತಿಗೆಯ ಹಗ್ಗ ಬಿಚ್ಚಿದೆ. “ಓಡು! ತೋಪಿಗೆ ಓಡು!” ಎಂದೆ. ಅದು ನಿಂತು ನನ್ನ ಲಂಗದ ಅಂಚು ಮೂಸಿತು. ಮಣ್ಣಿನ ಹೆಂಟೆ ಎಸೆದೆ, ಥೂ, ಅದನ್ನು ನೆನೆದರೆ ಈಗಲೂ ಸಂಕಟ. ಎರಡು ಹೆಜ್ಜೆ ಸರಿದು ಮತ್ತೆ ನೋಡಿತು. ನಾನಿಲ್ಲದಿದ್ದರೆ ಹೋದೀತು ಎಂದುಕೊಂಡು, ಹಿಂತಿರುಗಿ ನೋಡದೆ ಅಳುತ್ತಾ ಮನೆಗೆ ಓಡಿದೆ.

ಬಾಗಿಲಲ್ಲಿ ಅಬ್ಬಾ ನಿಂತಿದ್ದರು. ನನ್ನ ಬೆನ್ನ ಹಿಂದೆ ನೋಡಿ ಮುಖ ಅರಳಿಸಿದರು.

“ಶಾಬಾಶ್ ಬೇಟಿ! ಹಗ್ಗಾನೇ ಇಲ್ದೆ ಕರ್ಕೊಂಡ್ ಬಂದ್ಯಲ್ಲ!”

ಆಮೇಲೆ ಮೋತಿಯ ಗೆಜ್ಜೆಯ ಸದ್ದು ನನಗೂ ಕೇಳಿಸಿತು.

ಈಗ ಆ ಹೊಲದ ಮೇಲೆ ಅಪಾರ್ಟ್‌ಮೆಂಟು. ಜಿಂಕೆಯ ಸುದ್ದಿ ಹೇಳುವವರೂ ಇಲ್ಲ. ಕುರ್ಬಾನಿ ಬೇರೆಲ್ಲೋ ನಡೆದು ನಮ್ಮ ಪಾಲಿನ ಮಾಂಸ ಡಬ್ಬಿಯಲ್ಲಿ ಬರುತ್ತದೆ. ನನ್ನ ಮಕ್ಕಳು ಅಳದೆ ಉಣ್ಣುತ್ತಾರೆ. ಒಳ್ಳೆಯದೇ ಇರಬಹುದು. ಆದರೆ ಆ ಸಂಜೆ ದೀವ ಆದದ್ದು ನಾನೇ ಎಂಬುದು ನನ್ನನ್ನು ಬಿಟ್ಟಿಲ್ಲ. ಹೆಂಟೆಯ ಏಟು ತಿಂದೂ ಅಷ್ಟು ನಂಬಿ ನನ್ನ ಹಿಂದೆ ಬಂದವರು ಆಮೇಲೆ ಯಾರೂ ಇಲ್ಲ.